ಕೋವಿಗೆ ಹಚ್ಚೋ ಜಿಡ್ಡು, 1857 ಮತ್ತು ಒಂದು ಡಬ್ಬಿ ಹರಳೆಣ್ಣೆ

ಕೋವಿ ಅಂದ ಕೂಡಲೇ ಮೂಗು ಮುರಿಯುವವರು ಇಲ್ಲಿಗೇ ನಿಲ್ಲಿಸಬಹುದು, ನನಗೇನೂ ಬೇಜಾರಿಲ್ಲ. ಆದರೆ ನಾನಿವತ್ತು ಬರೀತಿರೋದು ಬೇಟೆ ಬಗ್ಗೆಯಾಗಲೀ ಅಮೆರಿಕದ ಬಂದೂಕು ಕಾನೂನಿನ ಬಗ್ಗೆಯಾಗಲೀ ಅಲ್ಲ. ಕರಿಮದ್ದಿನ ಕೋವಿಗೆ ಹಚ್ಚೋ ಜಿಡ್ಡಿನ ಬಗ್ಗೆ. ಅದನ್ನು ಮನೆಯಲ್ಲೇ ಮಾಡ್ಕೋಬೇಕು, ಅದರಲ್ಲಿ ಏನು ಹಾಕಿದೀವಿ ಅನ್ನೋದು ಹಾಕಿದವನಿಗೆ ಗೊತ್ತಿರಬೇಕು ಅನ್ನೋದು ನನ್ನ ವಾದ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟುದ್ದ ಯಾಕೆ ಅಂತೀರಾ? ಇದೇ ವಿಷಯಕ್ಕೆ ಒಂದು ಸಾಮ್ರಾಜ್ಯವೇ ಅಲ್ಲಾಡಿತ್ತು ಸ್ವಾಮಿ, ಸ್ವಲ್ಪ ತಾಳಿ.

ನಾನಿರೋದು ಪೆನ್ಸಿಲ್ವೇನಿಯಾದಲ್ಲಿ. ಹದಿನೆಂಟನೇ ಶತಮಾನದಲ್ಲಿ ಜರ್ಮನಿ ಕಡೆಯಿಂದ ಬಂದ ಕಮ್ಮಾರರು ಇಲ್ಲಿನ ಲ್ಯಾಂಕಾಸ್ಟರ್ ಸುತ್ತಮುತ್ತ ಉದ್ದನಳಿಗೆಯ ರೈಫಲ್ ಮಾಡ್ತಿದ್ದರು. ಜಗತ್ತು ಅದನ್ನು ಕೆಂಟಕಿ ರೈಫಲ್ ಅಂತ ಕರೀತು, ಹೆಸರು ಕೆಂಟಕಿಗೆ ಹೋಯ್ತು, ಕೆಲಸ ಮಾತ್ರ ಇವರದ್ದು! ಇವತ್ತಿಗೂ ಈ ರಾಜ್ಯದಲ್ಲಿ ಕ್ರಿಸ್‌ಮಸ್ ಮುಗಿದ ಮೇಲೆ ಚಕಮಕಿ ಕೋವಿಯವರಿಗೇ ಅಂತ ಒಂದು ಬೇಟೆ ಸೀಸನ್ ಇದೆ. ನಾನು ಬೇಟೆಗೆ ಹೋಗಲ್ಲ. ಐವತ್ತು ಗಜ ದೂರದ ಕಾಗದಕ್ಕೆ ಹೊಡೀತೀನಿ, ಅಷ್ಟೇ. ಮಲೆನಾಡಿನ ನಮ್ಮ ತೋಟದ ಮನೆಯಲ್ಲಿ ಒಂದು ಕೇಪಿನ ಕೋವಿ ಇತ್ತು, ಎಲೆಕ್ಷನ್ ಬಂದಾಗೆಲ್ಲ ಸ್ಟೇಷನ್ನಿಗೆ ಹೋಗಿ ಕೂತು ಬರ್ತಿತ್ತು. ಹುಚ್ಚು ಅಲ್ಲಿಂದ ಬಂದಿದ್ದು.

ಈಗ ಜಿಡ್ಡು ಯಾಕೆ ಬೇಕು ಅನ್ನೋದಕ್ಕೆ ಬರೋಣ. ಕರಿಮದ್ದು ಅಂದ್ರೆ ಸುಮಾರು ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದದ್ದು ಇದ್ದಿಲು ಮತ್ತು ಗಂಧಕ. ಇದು ಸುಟ್ಟಾಗ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯಾಗಿ, ಮಸಿಯಾಗಿ, ಘನರೂಪದಲ್ಲೇ ಉಳಿಯುತ್ತೆ. ಈಗಿನ ಕಾಲದ ಹೊಗೆಯಿಲ್ಲದ ಮದ್ದಿಗೆ ಈ ರಗಳೆ ಇಲ್ಲ. ನಳಿಗೆಯೊಳಗೆ ಕೂತ ಆ ಕಿಟ್ಟ ಒಣಗಿದರೆ ದೋಸೆ ಕಾವಲಿಗೆ ಹತ್ತಿದ ಸೀಕಲಿನ ಹಾಗೆ ಗಟ್ಟಿ. ನಾಲ್ಕೈದು ಸಲ ಹೊಡೆದ ಮೇಲೆ ಗುಂಡು ಕೆಳಗಿಳಿಯೋದೇ ಕಷ್ಟ. ಮೇಲಾಗಿ ಅದು ಗಾಳಿಯಲ್ಲಿನ ತೇವ ಎಳೆದುಕೊಂಡು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತೆ. ಆದ್ದರಿಂದ ಗುಂಡಿಗೆ ಸುತ್ತೋ ಬಟ್ಟೆಯ ಚೂರಿಗೆ ಜಿಡ್ಡು ಸವರ್ತಾರೆ. ಜಿಡ್ಡಿದ್ದರೆ ಕಿಟ್ಟ ಮೆತ್ತಗಿರುತ್ತೆ, ಮುಂದಿನ ಗುಂಡು ಅದನ್ನು ಒರೆಸಿಕೊಂಡು ಹೋಗುತ್ತೆ. ಕೆಲಸ ಇಷ್ಟೇ.

ಯಾವ ಜಿಡ್ಡು? ಕಾರಿನ ಎಂಜಿನ್ ಆಯಿಲ್, ಗ್ರೀಸ್ ಅಂತ ಹೋದಿರೋ ಕೆಟ್ಟಿರಿ. ಪೆಟ್ರೋಲಿಯಂ ಎಣ್ಣೆಗಳು ಈ ಮದ್ದಿನ ಬಿಸಿಗೆ ಸಿಕ್ಕರೆ ಡಾಂಬರಿನಂಥ ಅಂಟು ಉಳಿಸ್ತಾವೆ. ಪ್ಯಾರಾಫಿನ್ ಮೇಣಕ್ಕೆ ಮಾತ್ರ ಹಳಬರು ವಿನಾಯಿತಿ ಕೊಡ್ತಾರೆ. ಅದು ಬಿಟ್ಟರೆ ಪ್ರಾಣಿ ಇಲ್ಲವೇ ಗಿಡದಿಂದ ಬಂದ ಕೊಬ್ಬೇ ಆಗಬೇಕು. ಹಿಂದೆ ಇಲ್ಲಿ ತಿಮಿಂಗಿಲದ ಎಣ್ಣೆ ಹಾಕ್ತಿದ್ದರು, 1970ರ ದಶಕದಲ್ಲಿ ಕಾನೂನು ಬಂದು ಅದು ನಿಂತು ಜೊಜೊಬಾ ಎಣ್ಣೆ ಬಂತು. ಕ್ಯಾಪ್ ರಿವಾಲ್ವರಿನವರು ಕ್ರಿಸ್ಕೋ ಅನ್ನೋ ವನಸ್ಪತಿ ಮೆತ್ತುತ್ತಾರೆ, ಜುಲೈ ಬಿಸಿಲಲ್ಲಿ ಅದು ಕರಗಿ ಕೈಯೆಲ್ಲಾ ಬೋಂಡಾ ಕರಿದವರ ಥರ ಆಗುತ್ತೆ. ನಮ್ಮ ರೇಂಜಿನ ಹಿರಿತಲೆಗಳು ಮಾತ್ರ ಕುರಿ ಕೊಬ್ಬು ಮತ್ತು ಜೇನುಮೇಣ ಬಿಟ್ಟು ಬೇರೇನನ್ನೂ ಒಪ್ಪಲ್ಲ.

ಸತ್ಯ ಹೇಳ್ಬೇಕು ಅಂದ್ರೆ ಕುರಿ ಕೊಬ್ಬು ಚೆನ್ನಾಗಿ ಕೆಲಸ ಮಾಡುತ್ತೆ. ಅದನ್ನು ಬೈಯೋಕೆ ನನ್ನ ಹತ್ತಿರ ಕಾರಣ ಇಲ್ಲ. ಆದರೆ ನಮ್ಮ ಮನೆಯ ಒಲೆ ಮೇಲೆ ಅದು ಕರಗಲ್ಲ, ನನಗೂ ಬೇಡ. ಇದನ್ನ ಹೇಳಿದಾಗ ಅವರಲ್ಲೊಬ್ಬರು ನಗ್ತಾ, "ಅದಕ್ಕೇ ಅಲ್ವಾ ನಿಮ್ಮೋರು ಗ್ರೀಸಿಗೋಸ್ಕರ ಯುದ್ಧ ಮಾಡಿದ್ದು" ಅಂದ್ರು. ಒಳ್ಳೇ ಮನುಷ್ಯ, ಕುಹಕ ಇರಲಿಲ್ಲ. ಆದರೆ ಆ ಮಾತು ನನಗೆ ಹಿಡಿಸಲಿಲ್ಲ. ಯಾಕಂದ್ರೆ ನಾವೂ ಅದನ್ನ ಹಾಗೇ ಓದಿದ್ದೀವಿ. ದನದ ಕೊಬ್ಬು, ಹಂದಿ ಕೊಬ್ಬು ಅಂತ ಯಾರೋ ಗಾಳಿಸುದ್ದಿ ಹಬ್ಬಿಸಿದ್ರು, ಸಿಪಾಯಿಗಳು ರೊಚ್ಚಿಗೆದ್ದರು, ಮುಗೀತು. ಜಿಡ್ಡು ಬೇಯಿಸೋನ ಕಣ್ಣಿಂದ ನೋಡಿದರೆ ಕಥೆ ಬೇರೆ.

ಹಳೆಯ ಬ್ರೌನ್ ಬೆಸ್ ಕೋವಿಯಲ್ಲಿ ಗುಂಡು ಸಡಿಲ, ಜಿಡ್ಡಿನ ಹಂಗಿಲ್ಲ. 1853ರ ಮಾದರಿಯ ಎನ್‌ಫೀಲ್ಡ್ ರೈಫಲಿನ ನಳಿಗೆಯಲ್ಲಿ ತಿರುವು ಗೆರೆಗಳಿದ್ದವು, ಗುಂಡು ಬಿಗಿ. ಹಾಗಾಗಿ ಕಾಗದದ ತೋಟದ ಗುಂಡಿರೋ ತುದಿಗೆ ಜಿಡ್ಡು ಬೇಕೇ ಬೇಕು. ಆ ತೋಟವನ್ನು ಹಲ್ಲಿನಿಂದ ಕಚ್ಚಿ ಹರಿಯೋದು ಕವಾಯತಿನ ನಿಯಮ. ಜಿಡ್ಡು ಸವರಿದ ತೋಟಗಳ ಸ್ಯಾಂಪಲ್ 1853ರಲ್ಲೇ ಹವಾಮಾನ ಪರೀಕ್ಷೆಗೆ ಅಂತ ಭಾರತಕ್ಕೆ ಬಂದಿತ್ತು. ಇಂಥಾ ಜಿಡ್ಡಿನಲ್ಲಿ ಸಿಪಾಯಿಗಳ ಜಾತಿಧರ್ಮಕ್ಕೆ ನೋವಾಗೋ ವಸ್ತು ಇಲ್ಲ ಅಂತ ಖಾತ್ರಿಯಾಗದೆ ಹಂಚಬೇಡಿ ಅಂತ ಕರ್ನಲ್ ಟಕರ್ ಅನ್ನೋ ಅಧಿಕಾರಿ ಅದೇ ಡಿಸೆಂಬರಿನಲ್ಲಿ ಬರೆದಿದ್ದ. ಬರೆದದ್ದು ಕಡತ ಸೇರಿತು. 1856ರಲ್ಲಿ ಕಲ್ಕತ್ತಾ ಕಡೆ ತೋಟ ತಯಾರಾದಾಗ ಕೊಬ್ಬು ಕಂಟ್ರಾಕ್ಟರಿನಿಂದ ಬಂತು. ಯಾವ ಪ್ರಾಣಿಯದ್ದು ಅಂತ ಯಾರೂ ಕೇಳಿರಲಿಲ್ಲ. ಅಂದ್ರೆ ಸಿಪಾಯಿ "ಇದರಲ್ಲಿ ಏನಿದೆ?" ಅಂತ ಕೇಳಿದಾಗ, ಪ್ರಾಮಾಣಿಕವಾಗಿ ಉತ್ತರ ಕೊಡೋಕೆ ಕಂಪನಿ ಸರ್ಕಾರಕ್ಕೇ ಗೊತ್ತಿರಲಿಲ್ಲ! ಇದನ್ನ ಮೂಢನಂಬಿಕೆ ಅಂತೀರಾ? ನನ್ನ ಪ್ರಕಾರ ಇದು ಮಾಲು ತಗೊಳ್ಳೋನು ಕೇಳೋ ಅತಿ ಸಹಜ ಪ್ರಶ್ನೆ.

ಇದಕ್ಕಿಂತ ತಮಾಷೆ ಮುಂದಿದೆ. 1857ರ ಜನವರಿ ಕೊನೆಗೆ ಸರ್ಕಾರ ಒಂದು ಆದೇಶ ಹೊರಡಿಸಿತು. ಡಿಪೋಗಳಲ್ಲಿ ಜಿಡ್ಡಿಲ್ಲದ ತೋಟ ಕೊಡ್ತೀವಿ, ನಿಮಗೆ ಬೇಕಾದ ಜಿಡ್ಡನ್ನು ನೀವೇ ಹಚ್ಕೊಳ್ಳಿ ಅಂತ. ಮೇಣ, ಎಣ್ಣೆ, ತುಪ್ಪ, ಏನಾದರೂ. ಅಂದ್ರೆ ಹೋಮ್‌ಮೇಡ್ ಲೂಬ್ರಿಕೆಂಟ್, ಸರ್ಕಾರಿ ಅಪ್ಪಣೆ ಸಮೇತ! ಮೇಣ, ಎಣ್ಣೆ ಎರಡೂ ಬಜಾರಿನಲ್ಲೇ ಸಿಗ್ತಿದ್ದವು, ಕೆಲಸಕ್ಕೂ ಆಗ್ತಿತ್ತು. ಆದರೆ ಅಷ್ಟರಲ್ಲಿ ನಂಬಿಕೆ ಹೋಗಿಯಾಗಿತ್ತು. ಬಾರಕ್‌ಪುರದಲ್ಲಿ ತೋಟದ ಕಾಗದದ ಹೊಳಪಿನ ಮೇಲೇ ಅನುಮಾನ ಬಂತು. ಮುಂದೆ ಕಚ್ಚೋದು ಬೇಡ, ಕೈಯಲ್ಲಿ ಹರಿಯಿರಿ ಅಂತ ಕವಾಯತನ್ನೇ ಬದಲಿಸಿದರು. ಮೀರತ್‌ನಲ್ಲಿ ಏಪ್ರಿಲ್ 24ರಂದು 90 ಸವಾರರಲ್ಲಿ 85 ಮಂದಿ ತೋಟ ಮುಟ್ಟಲ್ಲ ಅಂದ್ರು. ಅವು ಹೊಸ ಎನ್‌ಫೀಲ್ಡ್ ತೋಟಗಳೂ ಆಗಿರಲಿಲ್ಲ, ಅವರು ಮೊದಲಿಂದ ಬಳಸ್ತಿದ್ದ ಹಳೇ ನಮೂನೆಯವು. ಮೇ 9ಕ್ಕೆ ಅವರಿಗೆ ಎಲ್ಲರೆದುರು ಬೇಡಿ ಹಾಕಿದರು, 10ಕ್ಕೆ ಊರು ಹೊತ್ತಿ ಉರೀತು. ದಂಗೆಗೆ ಬೇರೆ ಕಾರಣಗಳು ಬೇಕಾದಷ್ಟಿದ್ದವು, ಅವಧ್ ನುಂಗಿದ್ದು, ಭತ್ಯ ಕಡಿತ, ಅವಮಾನ... ಜಿಡ್ಡೊಂದೇ ಅಂತ ನಾನು ಹೇಳಲ್ಲ. ಆದರೆ ಕೇಳಿದ ಪ್ರಶ್ನೆಗೆ ಉತ್ತರವಿಲ್ಲದ ಜಿಡ್ಡು ಅದು. ಇದನ್ನೆಲ್ಲ ಆ ಹಿರಿಯರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಿದ್ದರೆ ತಪ್ಪು ಸ್ಟೋರ್‌ಕೀಪರಿನದು" ಅಂದ್ರು. ಗ್ರೀಸಿನ ಯುದ್ಧ ಅನ್ನೋದಕ್ಕಿಂತ ಇದು ವಾಸಿ.

ಈಗಿನ ಅಂಗಡಿ ಟ್ಯೂಬುಗಳ ಕಥೆಯೂ ಅಷ್ಟೇ ಅಂತ ನನಗನ್ನಿಸುತ್ತೆ. ನಾನು ಒಂದು ಕಂಪನಿಗೆ ಪತ್ರ ಬರೆದು, ನಿಮ್ಮ "ನೂರಕ್ಕೆ ನೂರು ನೈಸರ್ಗಿಕ" ಜಿಡ್ಡಿನಲ್ಲಿ ಪ್ರಾಣಿಯ ಕೊಬ್ಬು ಇದೆಯಾ ಅಂತ ಕೇಳಿದೆ. ಫಾರ್ಮುಲಾ ನಮ್ಮ ಗುಟ್ಟು ಅಂತ ಎರಡು ಸಾಲಿನ ಉತ್ತರ. ಬಿಸ್ಕೆಟ್ ಪೊಟ್ಟಣ ತಿರುವಿ ಸಣ್ಣಕ್ಷರ ಓದೋ ಸಸ್ಯಾಹಾರಿಗಳಿಗೆ ಈ ನೈಸರ್ಗಿಕ ಅನ್ನೋ ಪದದ ಬೆಲೆ ಗೊತ್ತು. ಹಸುವೂ ನೈಸರ್ಗಿಕವೇ.

ಹಾಗಾಗಿ ನನ್ನದು ಜೇನುಮೇಣ ಮತ್ತು ಹರಳೆಣ್ಣೆ. ಮೇಣ ಅಮಿಷ್ ರೈತರ ಸಂತೆಯಿಂದ, ಎಣ್ಣೆ ಇಂಡಿಯನ್ ಸ್ಟೋರಿನಿಂದ. ಹರಳೆಣ್ಣೆ ಯಾಕೆ ಅಂದ್ರೆ ಅದು ಮಂದ, ಅಗಸೆ ಎಣ್ಣೆ ಥರ ಒಣಗಿ ಪೊರೆ ಕಟ್ಟಲ್ಲ. ಮೇಣದ ಜೊತೆ ಚೆನ್ನಾಗಿ ಬೆರೆಯುತ್ತೆ, ಲಿಪ್‌ಸ್ಟಿಕ್ ಮಾಡೋರು ಇದೇ ಜೋಡಿ ಬಳಸ್ತಾರೆ. ತುಪ್ಪವೂ ನಡೆಯುತ್ತೆ, ಅದರಲ್ಲಿ ನೀರಿಲ್ಲ, ಉಪ್ಪಿಲ್ಲ. ಅಂಗಡಿಯ ಉಪ್ಪು ಬೆಣ್ಣೆ, ಬೇಕನ್ ಕೊಬ್ಬು ಮಾತ್ರ ಖಂಡಿತಾ ಬೇಡ, ಉಪ್ಪು ನಳಿಗೆಯನ್ನು ತಿನ್ನುತ್ತೆ. ಆದರೆ ತುಪ್ಪದ ರೇಟು ನೋಡಿ ಕೋವಿಗೆ ಸವರೋಕೆ ನನಗೆ ಮನಸ್ಸು ಬರಲ್ಲ, ಹೋಳಿಗೆಗೇ ಸರಿ.

ತೂಕದಲ್ಲಿ ಒಂದು ಪಾಲು ಮೇಣಕ್ಕೆ ಮೂರು ಪಾಲು ಎಣ್ಣೆ. ಮೇಣ ಕರಗೋದು 62-64 ಡಿಗ್ರಿ ಸೆಲ್ಸಿಯಸ್ಸಿಗೆ, ಆದ್ದರಿಂದ ನೇರ ಉರಿ ಬೇಡ. ಕುದಿಯೋ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಮದ್ದಿನ ಡಬ್ಬಿ ಆ ಕೋಣೆಯಲ್ಲಿ ಇರಲೇಬಾರದು, ಇದರಲ್ಲಿ ರಾಜಿ ಇಲ್ಲ. ಹಳೇ ದಿಂಬಿನ ಗಟ್ಟಿ ಹತ್ತಿ ಬಟ್ಟೆ ಕತ್ತರಿಸಿ ಕರಗಿದ ಜಿಡ್ಡಿನಲ್ಲಿ ಅದ್ದಿ, ಹಿಂಡಿ, ತಟ್ಟೆಯ ಮೇಲೆ ಆರಲು ಬಿಡಿ. ಚೂಪು ಗುಂಡಿನವರು ಮೇಣವನ್ನು ಅರ್ಧಕ್ಕರ್ಧ ಮಾಡ್ಕೊಳ್ಳಿ, ಇಲ್ಲಾಂದ್ರೆ ಬಿಸಿಲಿಗೆ ಜಾರಿ ಮದ್ದಿಗೆ ಇಳಿಯುತ್ತೆ. ಇಲ್ಲಿನ ಜನವರಿಗೆ ಉಲ್ಟಾ, ಒಂದಕ್ಕೆ ನಾಲ್ಕು ಎಣ್ಣೆ ಬೇಕು, ಇಲ್ಲದಿದ್ದರೆ ಬಟ್ಟೆ ಹಪ್ಪಳದ ಥರ ಸೆಟೆದು ನಿಲ್ಲುತ್ತೆ. ನನ್ನ ಕೈಗೆ ಇದರಲ್ಲೂ ಕುರಿ ಕೊಬ್ಬಿನಲ್ಲೂ ಐವತ್ತು ಗಜದಲ್ಲಿ ಯಾವ ವ್ಯತ್ಯಾಸವೂ ಕಂಡಿಲ್ಲ. ಈ ಸಲ ಆ ಹಿರಿಯರೂ ಎರಡು ಡಬ್ಬಿ ತಗೊಂಡು ಹೋದ್ರು, ಏನೇನು ಹಾಕಿದೀಯ ಅಂತ ಎರಡು ಸಲ ಕೇಳಿಯೇ.