ಬೆಂಕಿ ಕಾದವರು, ಬಾಗಿಲು ಮುಚ್ಚಿದವರು

ಕ್ರಿಸ್ಮಸ್ ಸಮೀಪಿಸಿತೆಂದರೆ ಹುಬ್ಬಳ್ಳಿ-ಧಾರವಾಡದ ನಮ್ಮ ಮನೆಗಳಲ್ಲಿ ಗೋದಲಿ ಸಿದ್ಧವಾಗುತ್ತದೆ. ಮೂರು ರಾಯರ ಹಬ್ಬಕ್ಕೆ ಆ ಮೂವರ ಬೊಂಬೆಗಳನ್ನೂ ಅದರಲ್ಲಿ ಭಕ್ತಿಯಿಂದ ಇಡುತ್ತೇವೆ. ಅವರು ಯಾರೆಂದು ವಿಚಾರಿಸುವವರು ಕಡಿಮೆ. ಸಂತ ಮತ್ತಾಯರು ಅವರ ಸಂಖ್ಯೆಯನ್ನು ಹೇಳಿಲ್ಲ, ರಾಜರೆಂದೂ ಕರೆದಿಲ್ಲ. ಅವರು ಬಳಸಿದ ಗ್ರೀಕ್ ಪದ ಮೂಲತಃ ಪರ್ಷಿಯ ದೇಶದ ಪುರೋಹಿತವರ್ಗವನ್ನು ಸೂಚಿಸುವಂಥದು. ಆ ನಾಡಿನ ಪುರಾತನ ಧರ್ಮವನ್ನು ಇಂದಿಗೂ ಉಳಿಸಿಕೊಂಡು ಬಂದಿರುವ ಜರತುಷ್ಟ್ರನ ಅನುಯಾಯಿಗಳನ್ನು ನಮ್ಮ ದೇಶದಲ್ಲಿ ಪಾರ್ಸಿಗಳೆನ್ನುತ್ತೇವೆ.

ಸಾವಿರ ವರ್ಷಕ್ಕೂ ಹಿಂದೆ ಪರ್ಷಿಯವನ್ನು ತೊರೆದು ಗುಜರಾತಿನ ತೀರಕ್ಕೆ ಬಂದ ಈ ಜನ ಗುಜರಾತಿಯನ್ನೇ ಮನೆಮಾತಾಗಿಸಿಕೊಂಡರು; ತಮ್ಮ ಧರ್ಮವನ್ನು ಮಾತ್ರ ಬಿಡಲಿಲ್ಲ. ಉದ್ವಾಡಾದ ಅಗ್ನಿಮಂದಿರದಲ್ಲಿ 1742ರಿಂದಲೂ ಪವಿತ್ರಾಗ್ನಿ ಆರದೆ ಉರಿಯುತ್ತಿದೆ. ಬೆಂಗಳೂರಿನ ಕ್ವೀನ್ಸ್ ರಸ್ತೆಯಲ್ಲಿ 1926ರಲ್ಲಿ ಅವರ ಮಂದಿರ ಸ್ಥಾಪನೆಯಾಯಿತು. ಇವರು ಸಂಖ್ಯೆಯಲ್ಲಿ ಅಲ್ಪರು, ಉಪಕಾರದಲ್ಲಿ ಅಲ್ಪರಲ್ಲ. ಜಮ್ಷೆಟ್‌ಜಿ ಟಾಟಾ ಅವರ ಸಂಕಲ್ಪ ಮತ್ತು ಮೈಸೂರು ಸಂಸ್ಥಾನವು ನೀಡಿದ 371 ಎಕರೆ ಭೂಮಿಯಿಂದ 1909ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಜನ್ಮತಾಳಿತು. ಅದರ ಬಾಗಿಲು ಸರ್ವ ಜಾತಿಮತಗಳವರಿಗೂ ತೆರೆದಿದೆ.

ಇಂಥ ಸಮಾಜವಿಂದು ಕ್ಷೀಣಿಸುತ್ತಿದೆ. 1941ರ ಜನಗಣತಿಯಲ್ಲಿ ಅವಿಭಜಿತ ಭಾರತದಲ್ಲಿ 1,14,890 ಪಾರ್ಸಿಗಳಿದ್ದರು. 2011ರ ಗಣತಿಯಲ್ಲಿ ನಮ್ಮ ದೇಶದಲ್ಲಿ ಉಳಿದವರು 57,264 ಮಂದಿ. ತಡವಾದ ವಿವಾಹ, ಅವಿವಾಹಿತರ ಆಧಿಕ್ಯ, ಮಕ್ಕಳ ಕೊರತೆ, ವಿದೇಶಗಳಿಗೆ ವಲಸೆ ಇದಕ್ಕೆ ಕಾರಣಗಳು. ಜನನಪ್ರಮಾಣವನ್ನು ಹೆಚ್ಚಿಸಲು ಕೇಂದ್ರ ಸರಕಾರ 2013ರಲ್ಲಿ ‘ಜಿಯೋ ಪಾರ್ಸಿ’ ಯೋಜನೆಯನ್ನೇ ಆರಂಭಿಸಬೇಕಾಯಿತು.

ಇದರೊಂದಿಗೆ ಯಾರು ಪಾರ್ಸಿ ಎಂಬ ಹಳೆಯ ವ್ಯಾಜ್ಯವೂ ಸೇರಿಕೊಂಡಿದೆ. ಆರ್.ಡಿ. ಟಾಟಾ ಅವರು ಫ್ರೆಂಚ್ ಮಹಿಳೆಯೊಬ್ಬರನ್ನು ವಿವಾಹವಾದಾಗ ಆಕೆ ಜರತುಷ್ಟ್ರ ಧರ್ಮದ ದೀಕ್ಷೆ ಪಡೆದರು. ಆದರೆ ಹಾಗೆ ಮತಾಂತರಗೊಂಡವರಿಗೆ ಪಾರ್ಸಿ ದತ್ತಿಗಳಲ್ಲಿ ಹಕ್ಕಿಲ್ಲವೆಂದು ಮುಂಬಯಿ ಹೈಕೋರ್ಟ್ 1908ರಲ್ಲಿ ಹೇಳಿತು. ಪಾರ್ಸಿ ತಂದೆಗೆ ಅನ್ಯ ಸ್ತ್ರೀಯಲ್ಲಿ ಜನಿಸಿ, ದೀಕ್ಷೆ ಪಡೆದ ಮಕ್ಕಳು ಮಾತ್ರ ಪಾರ್ಸಿಗಳೇ ಎಂದಿತು. ಆ ದಂಪತಿಗಳ ಪುತ್ರರೇ ಜೆ.ಆರ್.ಡಿ. ಟಾಟಾ. ತಾಯಿ ಪಾರ್ಸಿಯಾಗಿ ತಂದೆ ಅನ್ಯನಾಗಿದ್ದರೆ ಆ ಲೆಕ್ಕದಲ್ಲಿ ಅವರಿಗೆ ಸ್ಥಾನವಿರುತ್ತಿರಲಿಲ್ಲ!

ಹಿಂದೂ ಯುವಕನನ್ನು ವರಿಸಿದ ಪಾರ್ಸಿ ಮಗಳೊಬ್ಬಳು ತಂದೆತಾಯಿಗಳ ಅಂತ್ಯಕ್ರಿಯೆಯಲ್ಲಿ ಪಾಲ್ಗೊಳ್ಳುವ ಹಕ್ಕಿಗಾಗಿ ನ್ಯಾಯಾಲಯದ ಮೆಟ್ಟಿಲೇರಿದಳು. 2012ರಲ್ಲಿ ಗುಜರಾತ್ ಹೈಕೋರ್ಟ್ ಆಕೆಗೆ ವಿರುದ್ಧವಾಗಿ ತೀರ್ಪಿತ್ತಿತು. 2017ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ವಲ್ಸಾಡದ ಪಾರ್ಸಿ ಸಂಸ್ಥೆ ಅವಳಿಗೆ ಅವಕಾಶ ನೀಡಲು ಒಪ್ಪಿತು. ಹೆತ್ತವರ ಪಾರ್ಥಿವ ಶರೀರದ ಮುಂದೆ ಪ್ರಾರ್ಥಿಸಲು ಮಗಳೊಬ್ಬಳು ಇಷ್ಟು ದೂರ ನಡೆಯಬೇಕಾಯಿತು.

ಅನ್ಯ ಸಮಾಜದ ಮೇಲೆ ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಪರದೇಶದಲ್ಲಿ ಬೆರಳೆಣಿಕೆಯಷ್ಟಿದ್ದ ಜನ ಬೇಲಿ ಕಟ್ಟಿಕೊಂಡದ್ದರಿಂದಲೇ ಇಷ್ಟು ಶತಮಾನ ಉಳಿದರೆಂಬ ಮಾತನ್ನೂ ತಳ್ಳಿಹಾಕಲಾಗದು. ಆದರೆ ನಮ್ಮ ಅಂಗಳವನ್ನು ನೋಡಿಕೊಳ್ಳುವ ಅಧಿಕಾರ ನಮಗಿದೆ. ಗೋವೆಯಿಂದ, ಮಂಗಳೂರಿನಿಂದ, ತಮಿಳುನಾಡಿನಿಂದ ರೈಲ್ವೆಗೋ ಇತರ ಉದ್ಯೋಗಕ್ಕೋ ಬಂದು ಇಲ್ಲಿ ನೆಲೆಸಿದ ನಮ್ಮಲ್ಲಿ ಎಷ್ಟೋ ಕುಟುಂಬಗಳೂ ವಲಸಿಗರವೇ. ಅಕ್ರೈಸ್ತರೊಡನೆ ವಿವಾಹಕ್ಕೆ ಧರ್ಮಸಭೆ ವಿನಾಯಿತಿ ನೀಡುತ್ತದೆ. 1983ರ ಕಾನೂನು ಸಂಹಿತೆಯಲ್ಲಿ ಅದಕ್ಕೆ ಷರತ್ತುಗಳೊಡನೆ ಅವಕಾಶವಿದೆ. ಧರ್ಮಸಭೆ ತೆರೆದಿಟ್ಟ ಬಾಗಿಲನ್ನು ನಾವೇಕೆ ಮುಚ್ಚುತ್ತೇವೆ?

ಕೆಲವು ವರ್ಷಗಳ ಹಿಂದೆ ಒಂದು ಅಂತ್ಯಕ್ರಿಯೆಗೆ ಹೋಗಿದ್ದೆ. ಅನ್ಯಧರ್ಮೀಯನನ್ನು ಮದುವೆಯಾದ ಮಗಳು ಸ್ಮಶಾನದ ಗೇಟಿನ ಬಳಿಯೇ ನಿಂತಿದ್ದಳು. ಅವಳನ್ನು ತಡೆದದ್ದು ಧರ್ಮಸಭೆಯ ಕಾನೂನಲ್ಲ, ಒಡಹುಟ್ಟಿದವರ ಮುಖ. ಗುರುಗಳು ಕೈಹಿಡಿದು ಕರೆತಂದ ಮೇಲೆಯೇ ಅವಳು ತಂದೆಯ ಸಮಾಧಿಗೆ ಹಿಡಿ ಮಣ್ಣು ಹಾಕಿದಳು. ಅಂದು ಅವಳ ಜೊತೆಗಿದ್ದ ಪುಟ್ಟ ಮಗುವಿನೊಡನೆ ನಮ್ಮವರಾರೂ ಮಾತನಾಡಲಿಲ್ಲ. ನಾನೂ ಮಾತನಾಡಲಿಲ್ಲ. ಆ ಮಗುವಿಗೆ ನಮ್ಮ ವಿಶ್ವಾಸದ ಪರಿಚಯ ಇನ್ನಾರಿಂದ ಆಗಬೇಕು?

ಪಾರ್ಸಿಗಳಿಂದ ನಾವು ಕಲಿಯಬೇಕಾದದ್ದು ಅವರ ನಿಷ್ಠೆಯನ್ನು. ಅಗ್ನಿಗೆ ಹೊತ್ತುಹೊತ್ತಿಗೆ ಅವರು ಕಟ್ಟಿಗೆ ಅರ್ಪಿಸುತ್ತಾರೆ. ನಮ್ಮ ಮನೆಗಳಲ್ಲಿ ಸಂಜೆಯ ಜಪಸರ ತಪ್ಪದೆ ನಡೆಯುತ್ತಿದೆಯೇ? ಅದು ನಿಂತುಹೋದ ಮನೆಯಲ್ಲಿ ಅಳಿಯನ ಜಾತಿಮತದ ವಿಚಾರಣೆಯಿಂದ ವಿಶ್ವಾಸ ಉಳಿಯಲಾರದು.

ಪ್ರಿಯ ಓದುಗರೇ, ಗೋದಲಿಯ ಮುಂದೆ ಮೊಣಕಾಲೂರಿದ ಆ ಜ್ಞಾನಿಗಳು ಅನ್ಯಧರ್ಮದವರು, ಅನ್ಯದೇಶದವರು. ಅವರನ್ನು ಯಾರೂ ಹೊರಗೆ ನಿಲ್ಲಿಸಲಿಲ್ಲ. ಬರುವ ಹಬ್ಬಕ್ಕೆ ಮುಂಚೆ, ನಿಮ್ಮ ಮನೆಯಿಂದ ದೂರವಾದ ಮಗಳಿದ್ದರೆ ಅವಳನ್ನು ಗಂಡ-ಮಕ್ಕಳ ಸಮೇತ ಊಟಕ್ಕೆ ಕರೆಯಿರಿ. ಮೊದಲ ಮಾತು ತಂದೆಯಿಂದಲೇ ಬರಲಿ.