ಬಡಿಗೆಯಿಂದ ನಾಯಿ ಕಲಿಯುವುದು ಅಂಜಿಕೆಯನ್ನಷ್ಟೇ

ಮುಧೋಳ ನಾಯಿ ಹೊಡೆತವಿಲ್ಲದೆ ಹದಕ್ಕೆ ಬರುವುದಿಲ್ಲ ಎಂದು ಬರೆದವರು ಆ ತಳಿಯನ್ನು ಹತ್ತಿರದಿಂದ ನೋಡಿಲ್ಲ. ಅಪರಿಚಿತರ ಕೈ ಸೋಕಿದರೂ ಮೈ ಮುದುಡುವ ಸೂಕ್ಷ್ಮ ನಾಯಿ ಅದು. ಬಡಿಗೆ ಎತ್ತಿದವನು ಕರೆದರೆ ದೂರವೇ ನಿಲ್ಲುತ್ತದೆ. ಬದಲಿಗೆ, ಕರೆದಾಗ ಬಂದ ಕ್ಷಣವೇ ರೊಟ್ಟಿಯ ಚೂರು ಬಾಯಿಗಿಡಿ. ಬಂದದ್ದಕ್ಕೇ ಸಿಕ್ಕಿತೆಂದು ಅದಕ್ಕೆ ತಿಳಿಯುತ್ತದೆ. ಐದು ನಿಮಿಷ ತಡವಾದರೆ ಅದೇ ರೊಟ್ಟಿ ಬರೀ ಊಟ.

ಮೊಲ ಕಂಡರೆ ಕರೆದದ್ದೂ ಕೇಳದಂತೆ ಓಡುವ ತಳಿಯಿದು. ಹಾಗಾಗಿ ಮೊದಲ ಪಾಠ ಎತ್ತರದ ಬೇಲಿಯೊಳಗೇ ಆಗಬೇಕು. ನಮ್ಮೂರು ಯರಗಟ್ಟಿಗೆ ಬೇಕಿರುವುದು ಅಂಥ ಜಾಗ, ಬಡಿಗೆಯಲ್ಲ. ಮುಧೋಳ ತಾಲ್ಲೂಕಿನ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದ ಮರಿಗಳನ್ನು 2016ರಲ್ಲಿ ಸೇನೆಯೇ ತರಬೇತಿಗೆಂದು ಮೀರತ್‌ಗೆ ಒಯ್ದಿತ್ತು. ಕಲಿಯುವ ಶಕ್ತಿ ಇಲ್ಲದ ತಳಿಯನ್ನು ಸೇನೆ ಆರಿಸುತ್ತದೆಯೇ?

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ, ಅನಗತ್ಯ ನೋವಾಗುವಂತೆ ಹೊಡೆಯುವುದು ಅಪರಾಧ. ಹೊಡೆತ ಬೇಕೆಂದು ಬರೆದ ಲೇಖಕರು ತಮ್ಮ ಸಲಹೆಯನ್ನು ಹಿಂದಕ್ಕೆ ಪಡೆಯಲಿ.