ಹೆರದಿದ್ದರೂ ತಾಯಿ

‘ಹೆತ್ತವರಿಗೆ ಹೆಗ್ಗಣ ಮುದ್ದು’ ಎಂಬ ಗಾದೆ ನಮಗೆಲ್ಲ ತಿಳಿದದ್ದೇ. ತಾನು ಹೆತ್ತ ಮರಿ ತಾಯಿಗೆ ಮುದ್ದಾಗುವುದು ಸಹಜ. ಆದರೆ ತಾನು ಹೆರದ ಮರಿಗೆ ಮೊಲೆಯೂಡಿಸುವ ತಾಯಿಗೆ ಏನೆನ್ನೋಣ? ಊಟಿ, ಗೂಡಲೂರು, ಮಸಿನಗುಡಿಗಳ ಬೀದಿಯಲ್ಲಿ ತುತ್ತು ಅನ್ನಕ್ಕಾಗಿ ಅಲೆಯುವ ಹೆಣ್ಣುನಾಯಿಯಲ್ಲೂ ಈ ಗುಣ ಇರಬಲ್ಲದು. ಅದರಿಂದ ನಾವು ಕಲಿಯಬೇಕಾದುದೇನೆಂದು ಸ್ವಲ್ಪ ಯೋಚಿಸೋಣ.

ಮೊದಲು ಕಾಡಿನತ್ತ ನೋಡೋಣ. ಮುದುಮಲೆ, ಬಂಡೀಪುರಗಳ ಕಾಡಿನಲ್ಲಿ ಕೆನ್ನಾಯಿಗಳಿವೆ. ಸೀಳುನಾಯಿ ಎಂದೂ ಕರೆಯುತ್ತೇವೆ. 1970ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಎ. ಜೆ. ಟಿ. ಜಾನ್‌ಸಿಂಗ್ ಅವರು ಬಂಡೀಪುರದಲ್ಲಿ ಇವುಗಳ ಬದುಕನ್ನು ಅಭ್ಯಾಸ ಮಾಡಿದರು. ಕೆನ್ನಾಯಿಯ ಹಿಂಡಿನಲ್ಲಿ ಸಾಮಾನ್ಯವಾಗಿ ಒಂದೇ ಹೆಣ್ಣು ಮರಿ ಹಾಕುತ್ತದೆ. ಆದರೆ ಮರಿಗಳನ್ನು ಸಾಕುವ ಹೊಣೆ ಇಡೀ ಹಿಂಡಿನದು. ಬೇಟೆಗೆ ಹೋದವು ಹೊಟ್ಟೆಯಲ್ಲಿ ಮಾಂಸ ತುಂಬಿಕೊಂಡು ಬಂದು, ಗವಿಯ ಬಾಯಲ್ಲಿ ಕಕ್ಕಿ, ಮರಿಗಳಿಗೂ ತಾಯಿಗೂ ಉಣಿಸುತ್ತವೆ.

ಬೀದಿನಾಯಿಗಳ ವಿಷಯವೂ ಇದಕ್ಕೆ ದೂರವಲ್ಲ. ಪಶ್ಚಿಮ ಬಂಗಾಳದ ಬೀದಿಗಳಲ್ಲಿ ಅನಿಂದಿತಾ ಭದ್ರ ಮತ್ತು ಅವರ ಸಂಗಡಿಗರು ವರ್ಷಗಟ್ಟಲೆ ನಾಯಿಗಳನ್ನು ಗಮನಿಸಿದ್ದಾರೆ. ಅಜ್ಜಿ ನಾಯಿಯೊಂದು ಮಗಳ ಮರಿಗಳ ಆರೈಕೆಗೆ ನಿಂತುದನ್ನು ಅವರು 2014ರಲ್ಲಿ ಪ್ರಕಟಿಸಿದರು. ನಮ್ಮ ಬೀದಿನಾಯಿಗಳದು ಒಂದು ಬಗೆಯ ಅವಿಭಕ್ತ ಕುಟುಂಬವೇ ಎಂದು 2018ರಲ್ಲಿ ತೋರಿಸಿಕೊಟ್ಟರು.

ಇದು ಪವಾಡವಲ್ಲ. ಬೆದೆಗೆ ಬಂದ ಹೆಣ್ಣುನಾಯಿ ಬಸುರಾಗದಿದ್ದರೂ, ಸುಮಾರು ಎರಡು ತಿಂಗಳ ಬಳಿಕ ಅದರ ಮೈಯಲ್ಲಿ ಪ್ರೊಲ್ಯಾಕ್ಟಿನ್ ಎಂಬ ರಸ ಹೆಚ್ಚಿ, ಕೆಲವೊಮ್ಮೆ ಕೆಚ್ಚಲಿನಲ್ಲಿ ಹಾಲು ತುಂಬುವುದುಂಟು. ಮರಿ ಕಳೆದುಕೊಂಡ ತಾಯಿಯಲ್ಲಿಯೂ ಹಾಲಿರುತ್ತದೆ. ಕುಂಯ್‌ಗುಡುವ ಎಳೆಮರಿ ಸಿಕ್ಕಿದರೆ ಅಂಥ ನಾಯಿ ಅದನ್ನು ನೆಕ್ಕಿ, ಮಗ್ಗುಲಿಗೆ ಎಳೆದುಕೊಳ್ಳಬಹುದು.

‘ಹಾಗಾದರೆ ಇದು ಬರೀ ಹುಟ್ಟುಗುಣ, ಹೊಗಳುವುದೇಕೆ?’ ಎಂದು ಕೆಲವರು ಕೇಳಬಹುದು. ಹುಟ್ಟುಗುಣವೇ ಇರಲಿ, ಚಳಿಗೆ ನಡುಗುವ ಮರಿಗೆ ಬೇಕಾದುದು ಬಿಸುಪು ಮತ್ತು ಹಾಲು. ಅದು ಸಿಕ್ಕಿತು, ಮರಿ ಬದುಕಿತು. ನಮ್ಮ ಪುಣ್ಯಕೋಟಿಯೂ ಹುಲಿಯ ಬಳಿಗೆ ಹಿಂತಿರುಗುವ ಮುನ್ನ ತನ್ನ ಕರುವನ್ನು ಒಪ್ಪಿಸಿದ್ದು ದೊಡ್ಡಿಯ ಇತರ ಹಸುಗಳಿಗೆ ತಾನೆ? ದೇವಕಿಯ ಕಂದ ಬೆಳೆದದ್ದು ಯಶೋದೆಯ ಮಡಿಲಿನಲ್ಲಿ. ಸಾಕುತಾಯಿಯ ಹಿರಿಮೆಯನ್ನು ನಮ್ಮ ಹಿರಿಯರು ಎಂದೋ ಅರಿತಿದ್ದರು.

ಆದರೆ ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಮನೆಯ ನಾಯಿ ಮರಿ ಹಾಕಿದಾಗ, ಗಂಡುಮರಿಗಳನ್ನು ಇಟ್ಟುಕೊಂಡು ಹೆಣ್ಣುಮರಿಗಳನ್ನು ಚೀಲದಲ್ಲಿ ಕಟ್ಟಿ ಸಂತೆಯ ಬಳಿಯೋ ಕಾಡಿನ ಅಂಚಿನಲ್ಲೋ ಬಿಟ್ಟು ಬರುವವರಿದ್ದಾರೆ. ‘ಯಾವುದಾದರೂ ನಾಯಿ ಸಾಕಿಕೊಂಡೀತು’ ಎಂಬುದು ಅವರ ಸಮಾಧಾನ. ಇದು ಆತ್ಮವಂಚನೆ. ಎಲ್ಲ ನಾಯಿಯೂ ಪರರ ಮರಿಯನ್ನು ಸೇರಿಸಿಕೊಳ್ಳುವುದಿಲ್ಲ. ಕಚ್ಚಿ ಓಡಿಸುವುದೂ ಉಂಟು. ಹುಟ್ಟಿದ ಮರಿಗೆ ಎರಡು ವಾರದವರೆಗೆ ಕಣ್ಣು ತೆರೆದಿರುವುದಿಲ್ಲ. ಮೈ ಬೆಚ್ಚಗಿಟ್ಟುಕೊಳ್ಳುವ ಶಕ್ತಿಯೂ ಇರುವುದಿಲ್ಲ. ನೀಲಗಿರಿಯ ಚಳಿಯಲ್ಲಿ ಅದರ ಗತಿಯೇನು? ಬಂಗಾಳದಲ್ಲಿ ಲೆಕ್ಕಕ್ಕೆ ಸಿಕ್ಕ 364 ಮರಿಗಳಲ್ಲಿ ಪ್ರಾಯಕ್ಕೆ ಬರುವವರೆಗೆ ಉಳಿದವು ನೂರಕ್ಕೆ 19 ಮಾತ್ರ. ಸತ್ತವುಗಳಲ್ಲಿ ನೂರಕ್ಕೆ 63ರ ಸಾವಿಗೆ ಮನುಷ್ಯರೇ ಕಾರಣ ಎಂದು 2016ರಲ್ಲಿ ಪ್ರಕಟವಾದ ಆ ಅಧ್ಯಯನ ಹೇಳುತ್ತದೆ. ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಸಿಲುಕುವಂತೆ ಬಿಟ್ಟುಹೋಗುವುದು 1960ರ ಪ್ರಾಣಿಹಿಂಸಾ ತಡೆ ಕಾಯಿದೆಯಂತೆ ಅಪರಾಧವೂ ಹೌದು. ಕಾಡಂಚಿನಲ್ಲಿ ಬಿಟ್ಟ ನಾಯಿಗಳಿಂದ ಹುಚ್ಚು, ಡಿಸ್ಟೆಂಪರ್ ಮುಂತಾದ ರೋಗಗಳು ಕೆನ್ನಾಯಿಗಳಿಗೂ ಹರಡಬಹುದು.

ಆದ್ದರಿಂದ ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೇ: ಮರಿ ಬೇಡವಾದರೆ ನಾಯಿಗೆ ಮೊದಲೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿರಿ; ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿರಿ. ಹೆಣ್ಣೆಂಬ ಕಾರಣಕ್ಕೆ ಮರಿಯನ್ನು ಎಸೆಯುವುದನ್ನು ನೋಡುವ ಮಗು ಹೆಣ್ಣಿನ ಬಗ್ಗೆ ಏನನ್ನು ಕಲಿಯುತ್ತದೆ ಎಂಬುದನ್ನೂ ಯೋಚಿಸಿರಿ. ವಿದ್ಯಾರ್ಥಿಗಳಿಗೂ ಒಂದು ಮಾತು: ಮರಿಯಿರುವ ನಾಯಿಯ ಬಳಿಗೆ ಹೋಗಬೇಡಿ, ದೂರದಲ್ಲಿ ಅನ್ನ ನೀರು ಇಡಿ. ಕಚ್ಚಿದರೆ ಹದಿನೈದು ನಿಮಿಷ ಸೋಪು ಹಚ್ಚಿ ನೀರಿನಲ್ಲಿ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿರಿ.

ಮುದುಮಲೆಯ ತೆಪ್ಪಕಾಡಿನಲ್ಲಿ ಬೊಮ್ಮನ್, ಬೆಳ್ಳಿ ದಂಪತಿಗಳು ರಘು ಎಂಬ ತಬ್ಬಲಿ ಆನೆಮರಿಯನ್ನು ಮಗನಂತೆ ಸಾಕಿದರು. ಅವರ ಕಥೆಯ ಚಿತ್ರಕ್ಕೆ 2023ರಲ್ಲಿ ಆಸ್ಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆನೆಮರಿಗೆ ಮಿಡಿದ ನಮ್ಮ ಮನಸ್ಸು ಬೀದಿಯ ನಾಯಿಮರಿಗೂ ಮಿಡಿಯಬೇಕು. ಪರರ ಮರಿಗೆ ನಾಯಿಯೇ ತಾಯಿಯಾಗಬಲ್ಲುದಾದರೆ, ನಮ್ಮ ಮನೆಯಲ್ಲೇ ಹುಟ್ಟಿದ ಮರಿಯನ್ನು ನಾವು ಬೀದಿಪಾಲು ಮಾಡುವುದು ಸರಿಯಲ್ಲ.